'ವಯಬಲ್' ಬಸ್ಸಿಗೆ ಕನ್ನಡದಲ್ಲಿ ಏನನ್ನೋಣ? ಲಾಭದಾಯಕವೋ, ಗಿಟ್ಟುವಂಥದ್ದೋ?

ಗೆಳೆಯರೇ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನವಾಯಿತು. ಸಣ್ಣ ಮತ್ತು ಮಧ್ಯಮ ಊರುಗಳಲ್ಲಿ ಸಿಟಿ ಬಸ್ ಓಡಿಸುವ ಬಗ್ಗೆ ಇಂಗ್ಲಿಷಿನ ಒಂದು ಟಿಪ್ಪಣಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಕ್ಕೆ ಮೂರು ಸಲ 'ವಯಬಲ್' (viable) ಬರುತ್ತದೆ, ಅಂದರೆ ಖರ್ಚು ತೂಗಿಸಿಕೊಂಡು ಓಡುತ್ತಲೇ ಇರಬಲ್ಲದ್ದು. ವಯಬಲ್ ರೂಟ್, ವಯಬಲ್ ಸರ್ವಿಸ್, ಆಮೇಲೆ ವಯಬಿಲಿಟಿ ಗ್ಯಾಪ್, ಅಂದರೆ ಖರ್ಚಿಗೂ ಬಂದ ದುಡ್ಡಿಗೂ ನಡುವೆ ಬೀಳುವ ಕೊರತೆ. ಕೆಲವರು 'ಕಾರ್ಯಸಾಧ್ಯ' ಅಂತ ಬರೆಯುತ್ತಾರೆ, ಜಾಸ್ತಿ ಜನ 'ಲಾಭದಾಯಕ' ಅಂತ. ನನಗೆ ಎರಡೂ ಒಗ್ಗುತ್ತಿಲ್ಲ.

ಕಾರ್ಯಸಾಧ್ಯ ಅಂದರೆ ಮಾಡಲು ಆಗುತ್ತದೆ ಅಂತ ಅಷ್ಟೇ. ರಸ್ತೆ ಇದೆ, ಬಸ್ಸಿದೆ, ಡ್ರೈವರ್ ಇದ್ದಾರೆ, ಓಡಿಸಬಹುದು. ಆರು ತಿಂಗಳಾದ ಮೇಲೂ ಅದು ಓಡುತ್ತಾ ಅನ್ನೋದು ಆ ಪದದ ಹೊಟ್ಟೆಯಲ್ಲಿಲ್ಲ.

ಲಾಭದಾಯಕದ್ದು ಇನ್ನೂ ತಾಪತ್ರಯ. ಅದು ಒಂದೊಂದು ಟ್ರಿಪ್ಪನ್ನೂ ಬೇರೆ ಬೇರೆ ತೂಗಲು ಕೂರುತ್ತದೆ. ಮೊನ್ನೆ ತುಮಕೂರಿನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಸಿಟಿ ಬಸ್ ಹತ್ತಿದೆ. ಡ್ರೈವರ್, ಕಂಡಕ್ಟರ್ ಬಿಟ್ಟರೆ ಏಳು ಜನ. ಒಬ್ಬಾಕೆಯ ತೊಡೆ ಮೇಲೆ ಎಕ್ಸ್‌ರೇ ಕವರ್, ಪಕ್ಕದಲ್ಲಿ ಖಾಲಿ ಟಿಫನ್ ಕ್ಯಾರಿಯರ್. ಬೆಳಿಗ್ಗೆ ಆಸ್ಪತ್ರೆಗೆ ಬಂದವರು ವಾಪಸ್ ಹೊರಟಿದ್ದರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕಂಡಕ್ಟರ್ ಚಿಲ್ಲರೆ ಎಣಿಸುತ್ತಾ, "ಈ ಟ್ರಿಪ್ಪು ಗಿಟ್ಟಲ್ಲ ಸಾರ್, ಡೀಸೆಲ್ಲಿಗೂ ಆಗಲ್ಲ" ಅಂದರು. ಮತ್ತೆ ಯಾಕೆ ಬರ್ತೀರಿ ಅಂದೆ. "ಇದನ್ನ ನಿಲ್ಸಿದ್ರೆ ಬೆಳಗಿಂದೂ ಗಿಟ್ಟಲ್ಲ. ವಾಪಸ್ ಬರೋಕೆ ಬಸ್ಸಿಲ್ಲ ಅಂದ್ರೆ ಹೋಗುವಾಗ್ಲೂ ಆಟೋನೇ ಹಿಡೀತಾರೆ."

ನಾನು ತರ್ಜುಮೆ ಮಾಡುತ್ತಿರುವ ಟಿಪ್ಪಣಿ ಎರಡು ಪುಟದಲ್ಲಿ ಹೇಳುವುದೂ ಇದನ್ನೇ. ಸಣ್ಣ ಊರಿನಲ್ಲಿ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಬಸ್ ತುಂಬುತ್ತದೆ. ಉಳಿದ ಹೊತ್ತು ಸೀಟು ಖಾಲಿ. ಹತ್ತಿದವರೂ ಮೂರ್ನಾಲ್ಕು ಕಿಲೋಮೀಟರಿಗೆ ಇಳಿದುಬಿಡುತ್ತಾರೆ, ಟಿಕೆಟ್ ಕಡಿಮೆ. 'ಲಾಭದಾಯಕ' ಅಂತ ಬರೆದರೆ ಓದಿದವರು ಮೊದಲು ಮಧ್ಯಾಹ್ನದ ಟ್ರಿಪ್ಪಿಗೆ ಕತ್ತರಿ ಹಾಕುತ್ತಾರೆ. ಬಸ್ ಗಂಟೆಗೊಂದಾಗುತ್ತದೆ, ಕಾಯುವವರು ಕಡಿಮೆಯಾಗುತ್ತಾರೆ, ಆಮೇಲೆ ಬೆಳಗಿನದಕ್ಕೂ ಅದೇ ಗತಿ. ಒಂದು ಪದದಿಂದ ಇಷ್ಟೆಲ್ಲಾ ಆಗುತ್ತಾ ಅಂತ ನಗಬೇಡಿ. ಅರ್ಜಿಗೆ ಉತ್ತರವಾಗಿ ಬರುವ 'ಸದರಿ ಮಾರ್ಗವು ಲಾಭದಾಯಕವಾಗಿಲ್ಲ' ಅನ್ನುವ ಒಂದು ಸಾಲನ್ನು ನೀವೂ ಓದಿರುತ್ತೀರಿ, ಅಲ್ವಾ?

ಅದಕ್ಕೇ ನನ್ನ ಕಣ್ಣು ಕಂಡಕ್ಟರ್ ಹೇಳಿದ 'ಗಿಟ್ಟು' ಮೇಲೆ ಬಿದ್ದಿದೆ. ಗಿಟ್ಟುವುದು ಅಂದರೆ ಹಾಕಿದ್ದಕ್ಕೆ, ಪಟ್ಟ ಪಾಡಿಗೆ ತಕ್ಕಷ್ಟು ಹುಟ್ಟುವುದು. ಲಾಭ ಬರಲೇಬೇಕು ಅಂತಿಲ್ಲ, ಕೈ ಕಚ್ಚದಿದ್ದರೆ ಸಾಕು. ತಮಿಳಿನ, ಮಲಯಾಳದ 'ಕಿಟ್ಟು' ಇದರ ದಾಯಾದಿ, ಅಲ್ಲಿ ಸಿಗುವುದು ಅನ್ನುವ ಅರ್ಥ. ನಮ್ಮ 'ಕೆಲಸ ಗಿಟ್ಟಿಸಿಕೊಂಡ' ಅನ್ನುವುದರಲ್ಲಿ ಆ ಅರ್ಥ ಇನ್ನೂ ಉಳಿದಿದೆ. ತೆಲುಗಿನವರು ಇದನ್ನು ಪೂರ್ತಿ ದುಡಿಸಿಕೊಂಡಿದ್ದಾರೆ. ಬೆಳೆಗೆ ನ್ಯಾಯವಾದ ಬೆಲೆ ಕೇಳುವಾಗ 'ಗಿಟ್ಟುಬಾಟು ಧರ' ಅನ್ನುತ್ತಾರೆ, ಪೇಪರಿನಲ್ಲೂ ಅದೇ, ಭಾಷಣದಲ್ಲೂ ಅದೇ. ನಾವು ಅದೇ ಜಾಗದಲ್ಲಿ 'ವೈಜ್ಞಾನಿಕ ಬೆಲೆ' ಅನ್ನುತ್ತೇವೆ. ಈರುಳ್ಳಿ ಬೆಲೆಯಲ್ಲಿ ವಿಜ್ಞಾನ ಎಲ್ಲಿಂದ ಬಂತೋ!

ಆದರೆ 'ಗಿಟ್ಟು' ಎಲ್ಲ ಕಡೆ ನಡೆಯುತ್ತಾ? ಧಾರವಾಡ, ಬೆಳಗಾವಿ ಕಡೆಯವರು 'ಪರವಡಂಗಿಲ್ರೀ' ಅನ್ನುವುದನ್ನು ಕೇಳಿದ್ದೇನೆ. ಅದು ಮರಾಠಿಯಿಂದ ಬಂದದ್ದು. ಕರಾವಳಿಯಲ್ಲಿ 'ಪೂರೈಸುದಿಲ್ಲ ಮಾರಾಯ್ರೆ'. ಎರಡರಲ್ಲೂ ಲಾಭದ ಮಾತಿಲ್ಲ ನೋಡಿ, ತಾಳಿಕೆಯ ಮಾತಿದೆ.

ಕರಾವಳಿ ಅಂದ ಕೂಡಲೇ ಒಂದು ಅಡ್ಡಮಾತು. ಉಡುಪಿ, ಮಂಗಳೂರಿನಲ್ಲಿ ಸರ್ಕಾರಿ ಸಿಟಿ ಬಸ್ಸಿಗೆ 'ನರ್ಮ್ ಬಸ್' ಅನ್ನುತ್ತಾರೆ. ಬಸ್ಸಿಗೆ ದುಡ್ಡು ಕೊಟ್ಟ ಕೇಂದ್ರದ ನಗರ ನವೀಕರಣ ಯೋಜನೆಯ ಇಂಗ್ಲಿಷ್ ಮೊದಲಕ್ಷರಗಳ ಬಾಲ ಅದು, ಜೆ-ನರ್ಮ್. 2005ರ ಡಿಸೆಂಬರಿನಲ್ಲಿ ಶುರುವಾದ ಯೋಜನೆ ಮುಗಿದೇ ಹೋಯಿತು, ಹೆಸರು ಮಾತ್ರ ರಸ್ತೆ ಮೇಲೆ ಉಳಿಯಿತು. ಆ ಕಡೆ ಖಾಸಗಿ ಬಸ್ಸುಗಳಿಗೆಲ್ಲ ಒಂದೊಂದು ಹೆಸರಿರುತ್ತದಲ್ಲ, ನಮ್ಮ ಚಿಕ್ಕಮ್ಮ ಬಹಳ ದಿನ ನರ್ಮ್ ಅಂದರೆ ಯಾರೋ ಧಣಿಯ ಹೆಸರು ಅಂದುಕೊಂಡಿದ್ದರು. ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೇ ಮೀಸಲಾದ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿಗೆ 'ಚಿಗರಿ' (ಜಿಂಕೆ) ಅಂತ ಇಟ್ಟದ್ದು ನನಗೆ ಬಹಳ ಇಷ್ಟ. ಆದರೆ ಫೈಲಿನಿಂದ ಬಿದ್ದ ನರ್ಮ್ ಕೂಡ ಜನರ ಬಾಯಲ್ಲಿ ಬೆಳೆಯಿತು ಅನ್ನುವುದನ್ನು ಒಪ್ಪಬೇಕು. ಹಾಗಾಗಿ 'ವಯಬಲ್' ಅಂತಲೇ ಬಿಟ್ಟುಬಿಡಿ ಅಂತ ನೀವು ಹೇಳಿದರೆ ನಾನು ಜಗಳ ಆಡಲ್ಲ. ಸ್ವಲ್ಪ ಬೇಜಾರಾಗುತ್ತದೆ ಅಷ್ಟೇ.

'ಗಿಟ್ಟು'ವಿಗೆ ಇನ್ನೊಂದು ತೊಡಕಿದೆ. ಗಿಟ್ಟುವುದು ಯಾರಿಗೆ? ಖಾಸಗಿ ಬಸ್ಸಾದರೆ ಧಣಿಗೆ, ಉತ್ತರ ಸುಲಭ. ಸರ್ಕಾರಿ ಬಸ್ಸಾದರೆ ಅಷ್ಟು ಸುಲಭವಲ್ಲ. 2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಶಕ್ತಿ ಯೋಜನೆ ಬಂದಿದೆ. ಹೆಂಗಸರಿಗೆ ಶೂನ್ಯ ಟಿಕೆಟ್, ಅದರ ದುಡ್ಡು ಸರ್ಕಾರ ತುಂಬಿಕೊಡಬೇಕು. ಅಂದರೆ ಕಂಡಕ್ಟರ್ ಬ್ಯಾಗಿನಲ್ಲಿರುವುದು ಮಾತ್ರ ಕಲೆಕ್ಷನ್ ಅಲ್ಲ ಈಗ. ಆ ಮಧ್ಯಾಹ್ನದ ಬಸ್ಸಿನ ಏಳು ಜನರಲ್ಲಿ ಐವರು ಹೆಂಗಸರು. ಇನ್ನು 2023ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ ನೋಡಿ, 10,000 ಎಲೆಕ್ಟ್ರಿಕ್ ಬಸ್ಸಿನದ್ದು. ಅಲ್ಲಿ ಬಸ್ ಓಡಿಸುವವರಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ದುಡ್ಡು. ಜನ ಹತ್ತಲಿ ಬಿಡಲಿ, ಅವರಿಗೆ ಗಿಟ್ಟುತ್ತದೆ. ಊರಿಗೆ ಗಿಟ್ಟಿತಾ ಅನ್ನುವುದು ಬೇರೆಯೇ ಪ್ರಶ್ನೆ.

ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ವಯಬಲ್ ಸರ್ವಿಸ್‌ಗೆ 'ಗಿಟ್ಟುವ ಬಸ್ ಸೇವೆ', ವಯಬಿಲಿಟಿ ಗ್ಯಾಪ್‌ಗೆ 'ಗಿಟ್ಟದ ಪಾಲು'. ವಯಬಿಲಿಟಿಗೇ ಒಂದು ನಾಮಪದ ಬೇಕಲ್ಲ, ಅಲ್ಲಿ ನಿಂತಿದ್ದೇನೆ. ಹುಟ್ಟು-ಹುಟ್ಟುವಳಿ ಇರುವ ಹಾಗೆ ಗಿಟ್ಟು-ಗಿಟ್ಟುವಳಿ ಆಗಬಹುದಾ? ಸುಮ್ನೆ ಕಟ್ಟಿದ್ದು, ಯಾರ ಬಾಯಲ್ಲೂ ಕೇಳಿದ್ದಲ್ಲ. ಕೋಲಾರ, ಬಳ್ಳಾರಿ ಕಡೆಯವರು ಕನ್ನಡ ಮಾತಾಡುವಾಗಲೂ 'ಗಿಟ್ಟುಬಾಟು' ಅಂತೀರಾ? ಅಂತೀರಿ ಅನ್ನುವುದಾದರೆ ಅದನ್ನೇ ಎತ್ತಿಕೊಳ್ಳುತ್ತೇನೆ, ಹೊಸದು ಕಟ್ಟುವ ಕೆಲಸ ತಪ್ಪುತ್ತದೆ. ಮಲೆನಾಡಿನವರು ಏನಂತೀರಿ ಅನ್ನುವುದನ್ನೂ ಹೇಳಿ.