ಸಿಂಹರಾಜದ ಗೂಬೆ: ಕಿವಿಗೆ ಸಿಕ್ಕಿದ್ದು ಪಟ್ಟಿಗೆ ಬರುತ್ತೋ ಇಲ್ವೋ?

ಚಿಲುಮೆ_ತುಮಕೂರು
ಶ್ರೀಲಂಕಾದ ಸಿಂಹರಾಜ ಕಾಡಿಗೆ ಹೋಗಿ ಮೊನ್ನೆ ವಾಪಸ್ ಬಂದೆ. ಹೋಗಿದ್ದು ಒಂದೇ ಹಕ್ಕಿಗೆ, ಸೆರೆಂಡಿಬ್ ಸ್ಕಾಪ್ಸ್ ಗೂಬೆ. ಗೇಣುದ್ದವೂ ಇಲ್ಲದ, ಕೆಂಪು-ಕಂದು ಮೈಯ ಗೂಬೆ. ಬೇರೆ ಸ್ಕಾಪ್ಸ್ ಗೂಬೆಗಳ ತಲೆ ಮೇಲಿರೋ ಕೊಂಬಿನಂಥ ಗರಿ ಇದಕ್ಕಿಲ್ಲ. ಆ ದ್ವೀಪದ ನೈಋತ್ಯದ ಮಳೆಕಾಡು ಬಿಟ್ರೆ ಇನ್ನೆಲ್ಲೂ ಸಿಗಲ್ಲ.

ಕಾಡಂಚಿನ ಊರು ಕುಡಾವದಲ್ಲಿ ಮೂರು ರಾತ್ರಿ ಇದ್ದೆ. ಎರಡನೇ ರಾತ್ರಿ ಮಳೆ ನಿಂತ ಮೇಲೆ ಕಾಡಂಚಿನ ದಾರಿಯಲ್ಲಿ ಕೇಳಿಸ್ತು. ಸಣ್ಣಗೆ, ನಡುಗಿದ ಹಾಗೆ, ಒಂದೇ ಸ್ವರ. ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಅದೇ. ನನ್ನಿಂದ ಹತ್ತಡಿ ದೂರದಲ್ಲಿ ಇತ್ತೋ ಏನೋ, ಟಾರ್ಚ್ ಬಿಟ್ರೆ ಬರೀ ಜರೀಗಿಡ, ಬೆತ್ತದ ಮೆಳೆ. ಹಕ್ಕಿ ಹುಡುಕಿ ತೋರಿಸೋಕೆ ಜೊತೆಗಿದ್ದ ಟ್ರ್ಯಾಕರ್ "ಸ್ಪೀಕರಲ್ಲಿ ಅದರ ಕೂಗು ಹಾಕ್ಲಾ, ಬರುತ್ತೆ" ಅಂದ. ಬೇಡ ಅಂದೆ. ಪಕ್ಕದ ಲಾಡ್ಜಿನ ತಂಡದವರು ಮಾರನೇ ರಾತ್ರಿ ಹಾಕಿಸಿಕೊಂಡ್ರು, ಹತ್ತು ನಿಮಿಷಕ್ಕೆ ಫೋಟೋ ಸಿಕ್ತು.

ಊರಿಗೆ ಬಂದ್ರೆ ಗೆಳೆಯರು "ನೋಡೇ ಇಲ್ಲ ಅಂದ್ಮೇಲೆ ಕಂಡ ಹಕ್ಕಿಗಳ ಪಟ್ಟಿಗೆ ಅದ್ಹೆಂಗೆ ಬರ್ಕೊಂತೀಯ" ಅಂತಾರೆ. ನೀವೇನಂತೀರಿ?

ಕ್ಯಾತ್ಸಂದ್ರ_ಲೆನ್ಸ್
ಗುರುವೇ, ತಪ್ಪು ತಿಳ್ಕೋಬೇಡಿ. ಎಪ್ಪತ್ತು ಸಾವಿರ ಸುರಿದು ಸಮುದ್ರ ದಾಟಿ ಹೋಗಿ, ಹಕ್ಕಿ ಹತ್ತಡೀಲಿ ಐತೆ ಅಂತ ಗೊತ್ತಾದ ಮೇಲೂ ಬೇಡ ಅಂದ್ರಲ್ಲ, ಇದಕ್ಕೇನನ್ನಬೇಕು? ಒಂದ್ಸಲ ಕೂಗು ಹಾಕಿದ್ರೆ ಗೂಬೆ ಸತ್ತೋಗಲ್ಲ. ಫೋಟೋ ಇಲ್ದಿದ್ರೆ ಅದು ಕಪ್ಪೆಯೋ ಗೂಬೆಯೋ ಯಾರಿಗ್ ಗೊತ್ತು?

ಮಧುಗಿರಿ_ಮೇಷ್ಟ್ರು
ಕಪ್ಪೆಯೋ ಗೂಬೆಯೋ ಅನ್ನೋ ಪ್ರಶ್ನೆ ಚೆನ್ನಾಗಿದೆ. ಆ ಗೂಬೆ ಪ್ರಪಂಚಕ್ಕೆ ಗೊತ್ತಾದದ್ದೇ ಅಂಥ ಪ್ರಶ್ನೆಯಿಂದ. ದೀಪಾಲ್ ವರಕಗೊಡ ಅಂತ ಅಲ್ಲಿನ ಪಕ್ಷಿತಜ್ಞರು. ಹಕ್ಕಿಗಳ ದನಿ ಗುರುತಿಸೋದರಲ್ಲಿ ಪಳಗಿದ ಕಿವಿ. 1995ರಲ್ಲಿ ಕಿತುಲ್‌ಗಲ ಕಾಡಿನಲ್ಲಿ ಅವರಿಗೆ ಒಂದು ಕೂಗು ಕೇಳಿಸಿತು, ಅವರಿಗೆ ಗೊತ್ತಿದ್ದ ಯಾವ ಹಕ್ಕಿಗೂ ಹೊಂದಲಿಲ್ಲ. ಬೇರೆಯವರಾಗಿದ್ದರೆ ಯಾವುದೋ ಹುಳ ಅಂತ ಮುಂದೆ ಹೋಗ್ತಿದ್ದರು. ಇವರು ಬಿಡಲಿಲ್ಲ. ಕೂಗಿದ ಹಕ್ಕಿ ಕಣ್ಣಿಗೆ ಬಿದ್ದದ್ದು 2001ರ ಜನವರಿಯಲ್ಲಿ, ಸಿಂಹರಾಜದಲ್ಲಿ. ಆರು ವರ್ಷ ಬರೀ ದನಿ! 2004ರಲ್ಲಿ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಜೊತೆ ಸೇರಿ ಹೊಸ ಪ್ರಭೇದ ಅಂತ ಪ್ರಕಟಿಸಿದರು. ಈ ರಾಸ್ಮುಸ್ಸೆನ್ ನಮಗೂ ಬೇಕಾದವರೇ. 113 ವರ್ಷ ಕಳೆದುಹೋಗಿದ್ದ ನಮ್ಮ ಕಾಡು ಹಾಲಕ್ಕಿ ಅನ್ನೋ ಪುಟ್ಟ ಗೂಬೆಯನ್ನು 1997ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಕಂಡ ಮೂವರಲ್ಲಿ ಒಬ್ಬರು.

ಹಾಲಕ್ಕಿ ಅಂದಾಗ ನೆನಪಾಯ್ತು. ಬುಡುಬುಡಿಕೆಯವರು ಮನೆ ಮುಂದೆ ನಿಂತು "ಹಾಲಕ್ಕಿ ನುಡಿತೈತೆ" ಅಂತಾರೆಯೇ ಹೊರತು "ಹಾಲಕ್ಕಿ ಕಂಡಿತು" ಅನ್ನಲ್ಲ. ಬರ್ಕೊಳ್ಳಿ ಚಿಲುಮೆಯವರೇ, ಪಟ್ಟಿ ನಿಮ್ಮದು.

ಕ್ಯಾತ್ಸಂದ್ರ_ಲೆನ್ಸ್
ಮೇಷ್ಟ್ರೇ, ನಿಮ್ಮ ಕಥೆ ನನ್ ಕಡೆಗೇ ಸಾಕ್ಷಿ ಹೇಳ್ತೈತೆ. ಆರು ವರ್ಷ ದನಿ ಇತ್ತು, ಹೆಸರಿತ್ತಾ? ಕಣ್ಣಿಗೆ ಬಿದ್ದ ಮೇಲೇ ತಾನೇ ಹೆಸರು ಬಂದಿದ್ದು. ಸಂಶೋಧಕರು ಸರ್ವೆ ಮಾಡೋವಾಗ ಕೂಗು ಹಾಕಿ ಗೂಬೆ ಎಣಿಸ್ತಾರೆ, ಅವರಿಗೊಂದು ನ್ಯಾಯ ನಮಗೊಂದಾ?

ಬಂಗಾರಪೇಟೆ_ಅಕ್ಕ
ತಮ್ಮಾ, ಸರ್ವೆಯವರು ಒಂದು ಜಾಗದಲ್ಲಿ ಇಂತಿಷ್ಟು ನಿಮಿಷ ಅಂತ ಲೆಕ್ಕ ಇಟ್ಟು ಹಾಕ್ತಾರೆ, ಉತ್ತರ ಬಂದ್ರೆ ನಿಲ್ಲಿಸಿ ಮುಂದೆ ಹೋಗ್ತಾರೆ. ನೀನು "ಒಂದ್ಸಲ" ಅಂತೀಯಲ್ಲ, ಆ ಒಂದ್ಸಲ ನಿನ್ನ ಲೆಕ್ಕ. ಹಕ್ಕಿ ಲೆಕ್ಕ ಬೇರೆ.

ನಂದಿ ಬೆಟ್ಟದ ಹಳದಿ ಕತ್ತಿನ ಪಿಕಳಾರ ಗೊತ್ತಲ್ಲ? ದಕ್ಷಿಣದ ಬಂಡೆಗುಡ್ಡಗಳಲ್ಲಿ ಮಾತ್ರ ಬದುಕೋ ಹಕ್ಕಿ. ಬಯಲು ಸೀಮೆ ನಡುವೆ ನಮ್ಮ ಒಂದೊಂದು ಬೆಟ್ಟವೂ ಅದಕ್ಕೆ ಒಂದೊಂದು ದ್ವೀಪವೇ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಒಂದೇ ಲಂಟಾನ ಪೊದೆ ಹತ್ರ ಕೂತಿದ್ದೆ. ನಾಲ್ಕು ತಂಡ ಬಂದ್ವು. ನಾಲ್ಕೂ ತಂಡದವರು ಮೊಬೈಲ್ ತೆಗೆದು ಕೂಗು ಹಾಕಿದ್ರು. ಪ್ರತಿಯೊಬ್ಬರಿಗೂ ಅದು "ಒಂದ್ಸಲ". ಆ ಹಕ್ಕಿಗೆ ಇನ್ಯಾವನೋ ತನ್ನ ಜಾಗಕ್ಕೆ ಬಂದು ಕೂತವ್ನೆ ಅನ್ನಿಸಿ, ಬಾಯಲ್ಲಿ ಹುಳ ಇಟ್ಕೊಂಡೇ ನಾಲ್ಕು ಸಲವೂ ಜಗಳಕ್ಕೆ ಓಡಿ ಬಂತು. ಬಾಯಲ್ಲಿ ಹುಳ ಇತ್ತು ಅಂದ್ರೆ ಗೂಡಲ್ಲಿ ಮರಿ ಇತ್ತು ಅಂತ. ನಾನೂ ಮೊದಲು ಮೊಬೈಲಲ್ಲಿ ಕೂಗು ಹಾಕ್ತಿದ್ದವಳೇ. ಅವತ್ತಿಂದ ಬಿಟ್ಟೆ.

ಚಿಂತಾಮಣಿ_ಗಾಡಿ
ಎಲ್ಲಾ ಸರಿ ಅಕ್ಕ. ನಾನು ಡ್ರೈವರು, ವಾರಕ್ಕೆರಡು ಸಲ ಜನರನ್ನ ಬೆಟ್ಟಕ್ಕೆ ಹತ್ತಿಸೋನು. ಒಂದ್ ಮಾತು ಕೇಳ್ತೀನಿ. ಹಕ್ಕಿ ತೋರಿಸಿಲ್ಲ ಅಂದ್ರೆ ಟ್ರ್ಯಾಕರ್‌ಗೆ ಟಿಪ್ಸು ಯಾರು ಕೊಡ್ತಾರೆ? ಸ್ಪೀಕರ್ ತಂದೋನು ಅವನೇ ಇರಬಹುದು, ತರೋ ಹಾಗೆ ಮಾಡಿದ್ದು ನಾವು. ಕಡಪ ಕಡೆ ಜೆರ್ಡನ್ಸ್ ಕೋರ್ಸರ್ ಹಕ್ಕಿ 1900ರಿಂದ ಪತ್ತೆ ಇರಲಿಲ್ಲ, 1986ರಲ್ಲಿ ಸಿಕ್ತು. ದೊಡ್ಡ ದೊಡ್ಡ ವಿಜ್ಞಾನಿಗಳು ಹುಡುಕ್ತಾ ಇದ್ರು, ರಾತ್ರಿ ಟಾರ್ಚ್ ಬಿಟ್ಟು ಹಿಡಿದು ತಂದಿದ್ದು ಊರಿನವನು. ಕಾಡು ಗೊತ್ತಿರೋದು ಅಂಥವರಿಗೆ.

ಚಿಲುಮೆಯವರೇ, ಬೇಡ ಅಂದಿದ್ದು ದೊಡ್ಡತನ. ಆ ಟ್ರ್ಯಾಕರ್‌ಗೆ ಎಷ್ಟು ಕೊಟ್ರಿ?

ಚಿಲುಮೆ_ತುಮಕೂರು
ಇದನ್ನ ಕೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ಆ ರಾತ್ರಿ ನಾನು ಅದನ್ನ ಯೋಚನೆ ಮಾಡಿರಲಿಲ್ಲ. ಬೇಡ ಅಂದಾಗ ಅವನ ಮುಖ ಸಣ್ಣದಾಯ್ತು. ನಾನು ಅದನ್ನ ಬೇಜಾರು ಅಂದ್ಕೊಂಡೆ, ಭಯ ಇರಬಹುದು ಅಂತ ಈಗ ಅನ್ನಿಸ್ತಿದೆ. ಗೂಬೆ ಕಂಡಿದ್ರೆ ಕೊಡಬೇಕು ಅಂತ ಎತ್ತಿಟ್ಟಿದ್ದನ್ನೇ ಕೊಟ್ಟೆ, ಆದ್ರೆ ಹೊರಡೋ ದಿನ ಕೊಟ್ಟೆ. ಎರಡು ದಿನ ಅವನು ಏನಂದ್ಕೊಂಡಿದ್ನೋ.

ಮಾರನೇ ಬೆಳಿಗ್ಗೆ ಅವನೇ ಬಂದು ಎಬ್ಬಿಸಿದ. ಏನೂ ಹಾಕದೆ ಒಂದು ಜಾಗದಲ್ಲಿ ನಿಲ್ಲಿಸಿ "ಕಾಜಾಣ ಕೇಳು" ಅಂತ ಸನ್ನೆ ಮಾಡಿದ. ಅಲ್ಲಿ ಹಕ್ಕಿಗಳು ಬಗೆಬಗೆಯವು ಒಟ್ಟಿಗೇ ಹಿಂಡಾಗಿ ತಿರುಗ್ತವೆ; ಮುಂದೆ ಜುಟ್ಟಿನ ಕಾಜಾಣ, ಕಿತ್ತಳೆ ಕೊಕ್ಕಿನ ಹರಟೆಮಲ್ಲ. ಕಾಜಾಣ ಕೇಳಿಸಿದ್ರೆ ಹಿಂದೆಯೇ ಮೆರವಣಿಗೆ. ಹತ್ತೇ ನಿಮಿಷ. ಕೆಂಪು ಮುಖದ ಮಲ್ಕೋಹ ಹಕ್ಕಿ ತಲೆ ಮೇಲೇ ಹೋಯ್ತು. ನನ್ನ ಕಾಲಲ್ಲಿ ಏಳು ಜಿಗಣೆ ಇದ್ದಿದ್ದು ಆಮೇಲೆ ಗೊತ್ತಾಯ್ತು.

ಮಲೆನಾಡಿನ_ಸೊಸೆ
ಅದು ಜಿಗಣೆ ಅಲ್ಲ, ಇಂಬಳ! ಜಿಗಣೆ ಕೆರೇಲಿರೋದು. ಬಯಲುಸೀಮೆಯವರಿಗೆ ಎಷ್ಟು ಸಲ ಹೇಳೋದು. ಮುಂದುವರಿಸಿ.

ಮಧುಗಿರಿ_ಮೇಷ್ಟ್ರು
ಲೆನ್ಸ್ ಅವರ ಒಂದು ಮಾತು ಒಪ್ಪಬೇಕು. ಹೆಸರು ಬರೋಕೆ ಕಣ್ಣಿಗೆ ಬೀಳಲೇಬೇಕಿತ್ತು, ಒಪ್ಪಿದೆ. ಆದರೆ ಆ ಹೆಸರು ಯಾರದು ನೋಡಿ. ವೈಜ್ಞಾನಿಕ ಹೆಸರು ಓಟಸ್ ಥಿಲೋಹಾಫ್‌ಮನ್ನಿ. 1970ರ ದಶಕದಲ್ಲಿ ಸಿಂಹರಾಜದ ಮರ ಕಡಿದು ಸಾಗಿಸ್ತಿದ್ದಾಗ ಅದನ್ನು ನಿಲ್ಲಿಸೋಕೆ ಹೋರಾಡಿದವರು ಥಿಲೋ ಹಾಫ್‌ಮನ್. ಆ ಹೊತ್ತಿಗೆ ಅಲ್ಲಿ ಇಂಥದೊಂದು ಗೂಬೆ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. 1988ರಲ್ಲಿ ಕಾಡು ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಲೂ ಗೊತ್ತಿರಲಿಲ್ಲ. ಕಾಣದ ಹಕ್ಕಿ ಉಳಿದದ್ದು ಹಾಗೆ.

ಕ್ಯಾತ್ಸಂದ್ರ_ಲೆನ್ಸ್
ಇದು ಗೊತ್ತಿರ್ಲಿಲ್ಲ ಮೇಷ್ಟ್ರೇ. ಆದ್ರೂ ಫೋಟೋ ಬೇಕು ಅನ್ನೋದ್ರಲ್ಲಿ ನಾನು ಬದಲಾಗಲ್ಲ. ಅಕ್ಕ ಹೇಳಿದ್ ನಾಲ್ಕು ತಂಡದಲ್ಲಿ ಒಂದು ನಮ್ದೇ ಇರಬಹುದು, ಹೋದ್ ವರ್ಷ ನಾವೂ ಹೋಗಿದ್ವಿ. ಬಾಯಲ್ಲಿ ಹುಳ ಇದ್ದಿದ್ ನಾನ್ ನೋಡಿರ್ಲಿಲ್ಲ. ಫೋಟೋ ಈಗ ತೆಗೆದು ದೊಡ್ಡದು ಮಾಡಿ ನೋಡ್ದೆ. ಐತೆ.

ಬಂಗಾರಪೇಟೆ_ಅಕ್ಕ
ಹೋಗ್ಲಿ ಬಿಡು ತಮ್ಮಾ. ದೇವರಾಯನದುರ್ಗದಲ್ಲೂ ಅದೇ ಪಿಕಳಾರ ಇದೆ, ನಿಮ್ಮೂರಿಂದ ಅರ್ಧ ಗಂಟೆ. ಸುಮ್ಮನೆ ಕೂತು ನೋಡಿದ್ದೀಯಾ ಯಾವತ್ತಾದ್ರೂ?

ಕ್ಯಾತ್ಸಂದ್ರ_ಲೆನ್ಸ್
ಇಲ್ಲ. ಅರ್ಧ ಗಂಟೆ ಮೇಲೆ ಎಲ್ಲೂ ಕೂತಿಲ್ಲ ನಾನು.

ಚಿಲುಮೆ_ತುಮಕೂರು
ಪುಸ್ತಕದಲ್ಲಿ ಬರ್ಕೊಂಡೆ: "ಕೇಳಿದ್ದು, ಎರಡು ಸಲ." ಹಕ್ಕಿ ಲೆಕ್ಕ ಹಾಕೋ ವೆಬ್‌ಸೈಟ್ ಈಬರ್ಡಲ್ಲೂ ದನಿ ಅಂತಲೇ ಹಾಕಿದ್ದೀನಿ, ಅಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬರುತ್ತೆ.

ಲೆನ್ಸ್ ಸಾರ್, ಭಾನುವಾರ ಬೆಳಿಗ್ಗೆ ಆರಕ್ಕೆ ದೇವರಾಯನದುರ್ಗದ ನಾಮದ ಚಿಲುಮೆ ಹತ್ರ ಬನ್ನಿ. ಮೊಬೈಲ್ ಗಾಡೀಲೇ ಇರ್ಲಿ. ಪಿಕಳಾರ ಬರ್ಲಿ ಬಿಡ್ಲಿ, ವಾಪಸ್ ಬರ್ತಾ ನಿಮ್ಮೂರಲ್ಲಿ ತಟ್ಟೆ ಇಡ್ಲಿ ನಂದು.

ಕ್ಯಾತ್ಸಂದ್ರ_ಲೆನ್ಸ್
ಕ್ಯಾಮೆರಾ ತರಬಹುದು ತಾನೇ?