ಎಡ ಸೀಟಿನಿಂದ ಬಲ ಸೀಟಿಗೆ: ಫ್ಲೈಯಿಂಗ್ ಕ್ಲಬ್ ಬೋಧಕರಾಗುವವರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಮುಗಿದಿದೆ. ಸಹಾಯಕ ಬೋಧಕರ ರೇಟಿಂಗ್, ಅಂದರೆ ಎಎಫ್‌ಐಆರ್ ಮಾಡಲು ಈಗ ಬೋಧಕರು ಕೂರುವ ಬಲಗಡೆ ಸೀಟಿಗೆ ಕೂತಿದ್ದೇನೆ. ವಿಮಾನ ಸೆಸ್ನಾ 172. ಎಡಗಡೆಯಿಂದ ನೆಟ್ಟಗೆ ಇಳಿಯುತ್ತಿದ್ದ ವಿಮಾನ ಈಗ ಪ್ರತಿಸಲ ಮೂತಿ ಬಲಕ್ಕೆ ತಿರುಗಿಸಿಕೊಂಡೇ ನೆಲ ಮುಟ್ಟುತ್ತದೆ, ಟಯರ್ ಕಿರ್ ಅನ್ನುತ್ತದೆ. ಏನು ಮಾಡಲಿ?

ಬೋಧಕಿ: ಕಾಲು ಸರಿಯಾಗಿಯೇ ಇದೆ, ಕಣ್ಣು ಮೋಸ ಮಾಡುತ್ತಿದೆ. ಬಲಗಡೆ ಕೂತವರಿಗೆ ಎಂಜಿನ್ ಮುಚ್ಚುವ ಕೌಲಿಂಗಿನ ನಡುಭಾಗ ಎಡಕ್ಕೆ ಬೀಳುತ್ತದೆ. ಅದನ್ನು ರನ್‌ವೇಯ ಆ ತುದಿಗೆ ಹೊಂದಿಸಿ ನೋಡಿದರೆ ದೃಷ್ಟಿ ಓರೆಯಾಗಿ ಹಾಯುತ್ತದೆ, ವಿಮಾನ ಬಲಕ್ಕೆ ಮುಖ ಮಾಡಿರುತ್ತದೆ. ಹೊಸ ವಿದ್ಯಾರ್ಥಿ ಎಡಗಡೆ ಸೀಟಿನಿಂದ ಮೂತಿ ಎಡಕ್ಕಿಟ್ಟು ಇಳಿಸುವುದೂ ಇದೇ ಕಾರಣಕ್ಕೆ. ನಾಳೆ ನೀವು ಅವನಲ್ಲಿ ತಿದ್ದಬೇಕಾದ ತಪ್ಪು ಇದು, ಬುಡದಿಂದ ಅರ್ಥಮಾಡಿಕೊಳ್ಳಿ.

ಎಂಜಿನ್ ಬಂದ್ ಇರುವಾಗ ವಿಮಾನವನ್ನು ಟ್ಯಾಕ್ಸಿವೇಯ ಹಳದಿ ಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಿ. ಬಲಗಡೆ ಕೂತು, ನಿಮ್ಮ ಮೂಗಿನ ನೇರಕ್ಕೆ, ಗೆರೆಗೆ ಸಮಾನಾಂತರವಾಗಿ ದೂರದ ಒಂದು ಮರವನ್ನೋ ಕಂಬವನ್ನೋ ನೋಡಿ. ಆ ದೃಷ್ಟಿ ಗಾಜನ್ನು ಹಾಯುವ ಜಾಗಕ್ಕೆ ಒರೆಸಿದರೆ ಹೋಗುವ ಮಾರ್ಕರಿನಿಂದ ಒಂದು ಚುಕ್ಕೆ ಇಡಿ. ಆ ಚುಕ್ಕೆಯ ಕೆಳಗೆ ಕೌಲಿಂಗ್ ಮೇಲೆ ಯಾವ ರಿವೆಟ್ ಸಾಲು ಬರುತ್ತದೆ ಎಂದು ಗುರುತಿಟ್ಟುಕೊಳ್ಳಿ. ಇನ್ನು ಮುಂದೆ ನಿಮ್ಮ ಮೂತಿ ಅಂದರೆ ಆ ಸಾಲು. ಸೀಟಿನ ಎತ್ತರ ದಿನಕ್ಕೊಂದು ಥರ ಇಟ್ಟರೆ ಈ ಚುಕ್ಕೆಯಿಂದ ಪ್ರಯೋಜನವಿಲ್ಲ, ಅದನ್ನೂ ಒಂದೇ ಅಳತೆಗೆ ತನ್ನಿ.

ತಿರುವುಗಳಲ್ಲೂ ಇದೇ ಮೋಸ. ಎಡ ಸೀಟಿನವರಿಗೆ ಎಡಕ್ಕೆ ಬಾಗಿದಾಗ ಮೂತಿ ಏರಿದಂತೆ, ಬಲಕ್ಕೆ ಬಾಗಿದಾಗ ಇಳಿದಂತೆ ಕಾಣುತ್ತದೆ. ಬಲ ಸೀಟಿನಲ್ಲಿ ಇದು ತಿರುಗುಮುರುಗು. ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಟರ್ನ್ ಕೋಆರ್ಡಿನೇಟರಿನ ಚೆಂಡು ಕೂಡ ನಿಮಗೆ ಕೊಂಚ ಬಲಕ್ಕೆ ಸರಿದಂತೆ ಕಾಣುತ್ತದೆ. ಅದನ್ನು ನಂಬಿ ಬಲಗಾಲಿನ ರಡ್ಡರ್ ಪೆಡಲ್ ಒತ್ತಬೇಡಿ, ಕೂತ ಸೊಂಟ ಹೇಳುವುದನ್ನು ಕೇಳಿ.

ಕೈಗಳೂ ಅದಲುಬದಲಾಗಿವೆ. ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಈಗ ಎಡಗೈಯಲ್ಲಿ. ಎಂಜಿನ್ ಬಂದ್ ಇದ್ದಾಗಲೇ ಕಣ್ಣು ಮುಚ್ಚಿ ಥ್ರಾಟಲ್, ಫ್ಲಾಪ್, ಟ್ರಿಮ್ ಚಕ್ರ, ಫ್ಯುಯೆಲ್ ಸೆಲೆಕ್ಟರ್ ಮುಟ್ಟುವ ಅಭ್ಯಾಸ ದಿನಾ ಹತ್ತು ನಿಮಿಷ ಮಾಡಿ. ಆಮೇಲೆ ಸರ್ಕಿಟ್, ಅಂದರೆ ರನ್‌ವೇ ಸುತ್ತ ಹಾರಿ ಮತ್ತೆ ಇಳಿಯುವ ಸುತ್ತು.

ಪ್ರಶ್ನೆ: ಹಾರಿಸುವುದು ಬರುತ್ತದೆ, ವಿವರಿಸುವುದೂ ಬರುತ್ತದೆ. ಎರಡೂ ಒಟ್ಟಿಗೆ ಮಾಡಲು ಹೋದರೆ ಒಂದೋ ಎತ್ತರ ತಪ್ಪುತ್ತದೆ, ಇಲ್ಲವೇ ಮಾತು ನಿಂತುಹೋಗುತ್ತದೆ. ಹಾರಿಸುತ್ತಲೇ ವಿವರಿಸುವ ಈ ಪ್ಯಾಟರ್ ಕಲಿಯುವುದು ಹೇಗೆ?

ಬೋಧಕಿ: ಬೋಧಕರ ತರಬೇತಿಯ ತಿರುಳೇ ಇದು. ಮಾತು ಕೈಗಿಂತ ಒಂದು ಉಸಿರು ಮುಂದಿರಬೇಕು. ಆದ ಮೇಲೆ ಹೇಳಿದರೆ ವಿದ್ಯಾರ್ಥಿ ನೋಡಬೇಕಾದದ್ದು ಅಷ್ಟರಲ್ಲಿ ಮುಗಿದಿರುತ್ತದೆ.

ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದರ ಪಾಠವನ್ನೇ ತೆಗೆದುಕೊಳ್ಳಿ. ಎತ್ತರ ಸಾಕಷ್ಟಿದೆಯೇ, ಫ್ಲಾಪ್ ಎಲ್ಲಿದೆ, ಬೆಲ್ಟ್ ಬಿಗಿಯಿದೆಯೇ, ಸಡಿಲ ಸಾಮಾನು ಇದೆಯೇ, ಎಂಜಿನ್ ಮಾಪಕಗಳು ಸರಿಯೇ, ಕೆಳಗೆ ಊರಿದೆಯೇ ಎಂದು ನೋಡಿ, ಸುತ್ತ ಒಂದು ತಿರುವು ಹೊಡೆದು ಬೇರೆ ವಿಮಾನ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಮಾತು ಶುರು. ‘ಈಗ ಥ್ರಾಟಲ್ ತೆಗೆಯುತ್ತೇನೆ, ಎತ್ತರ ಬಿಡದೆ ಹಿಡಿಯುತ್ತೇನೆ.’ ಥ್ರಾಟಲ್ ತೆಗೆಯಿರಿ. ‘ಮೂತಿ ಏರುವುದನ್ನು ನೋಡು.’ ಸುಮ್ಮನಿರಿ, ನೋಡಲಿ. ‘ಗಾಳಿಯ ಸದ್ದು ಇಳಿಯುತ್ತದೆ, ಕೇಳು.’ ಮತ್ತೆ ಸುಮ್ಮನಿರಿ. ‘ಯೋಕ್ ಅಲ್ಲಾಡಿಸುತ್ತೇನೆ, ಎಷ್ಟು ಸಡಿಲ ನೋಡು. ಇನ್ನು ಹಾರ್ನ್ ಬರುತ್ತದೆ.’ ಯೋಕ್ ಅಂದರೆ ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್. 172ರಲ್ಲಿ ಸ್ಟಾಲಿಗೆ 5ರಿಂದ 10 ನಾಟ್ ಮೊದಲೇ ಹಾರ್ನ್ ಕೂಗುತ್ತದೆ. ಮೂತಿ ಬಿದ್ದಾಗ ಯೋಕ್ ಮುಂದೆ, ಪೂರ್ತಿ ಪವರ್, ವಿಮಾನ ಎಡಕ್ಕೆ ಎಳೆಯದಂತೆ ಬಲ ರಡ್ಡರ್. ರೆಕ್ಕೆಗೆ ಗಾಳಿ ಮರಳಿ ಹಿಡಿದ ಮೇಲೆ ರೆಕ್ಕೆಯಂಚಿನ ಏಲೆರಾನಿನಿಂದ ಮಟ್ಟ ಮಾಡುವುದು. ಇಲ್ಲಿ ಹೆಚ್ಚಿನವರು ಎಡವುವುದು ನಡುವಿನ ಮೌನದಲ್ಲಿ. ಮೌನಕ್ಕೆ ಹೆದರಿ ಮಾತು ತುಂಬುತ್ತಾರೆ. ತಲೆ ತುಂಬ ಮಾತಿದ್ದರೆ ವಿದ್ಯಾರ್ಥಿಗೆ ಹಾರ್ನ್ ಕೂಡ ಕೇಳಿಸುವುದಿಲ್ಲ.

ಕುರ್ಚಿಯ ಮೇಲೆ ಕೂತು, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಪ್ಯಾಟರ್ ಹೇಳಿ, ಮರುದಿನ ಕೇಳಿ. ವಾಕ್ಯ ಉದ್ದವಿದ್ದಲ್ಲಿ ಕತ್ತರಿಸಿ. ಕೆಳಗಿನ ಬ್ರೀಫಿಂಗ್ ಕನ್ನಡದಲ್ಲಿ ಎಷ್ಟು ಬೇಕಾದರೂ ಮಾಡಿ, ಅರ್ಥವಾಗುವುದು ಮುಖ್ಯ. ಆದರೆ ಕಾಕ್‌ಪಿಟ್ಟಿನಲ್ಲಿ ಆಜ್ಞೆಯ ಪದಗಳು ಸದಾ ಅವೇ ಇಂಗ್ಲಿಷ್ ಪದಗಳಾಗಿರಲಿ. ರೇಡಿಯೋ ಮಾತು, ಪರೀಕ್ಷೆ ಎಲ್ಲವೂ ಅದರಲ್ಲೇ ನಡೆಯುವುದು. ಗಾಬರಿಯ ಹೊತ್ತಿನಲ್ಲಿ ಅನುವಾದಕ್ಕೆ ಸಮಯವಿರುವುದಿಲ್ಲ.

ಪ್ರಶ್ನೆ: ವಿದ್ಯಾರ್ಥಿ ಇಳಿಸುವಾಗ ಯಾವಾಗ ಕಂಟ್ರೋಲ್ ತೆಗೆದುಕೊಳ್ಳಬೇಕು? ಬೇಗ ತೆಗೆದುಕೊಂಡರೆ ಅವನು ಕಲಿಯುವುದಿಲ್ಲ, ತಡವಾದರೆ ನೋಸ್‌ವೀಲ್ ಹೋಗುತ್ತದೆ.

ಬೋಧಕಿ: ಗೆರೆಯನ್ನು ನೆಲದ ಮೇಲೆ ಇರುವಾಗಲೇ ಎಳೆಯಿರಿ. ಆ ಕ್ಷಣಕ್ಕೆ ಬಿಟ್ಟರೆ ಪ್ರತಿಸಲ ತಡವಾಗುತ್ತದೆ. ಒಂದು ಮಾದರಿ: ಇಳಿಯುವ ಕೊನೆಯ ನೇರ ಹಾದಿಯಾದ ಫೈನಲ್‌ನಲ್ಲಿ ಪೂರ್ತಿ ಫ್ಲಾಪ್ ಜತೆ 65 ನಾಟ್ ಬೇಕು ಅಂದುಕೊಳ್ಳಿ. 5 ನಾಟ್ ಹೆಚ್ಚುಕಡಿಮೆಯಾದರೆ ಬಾಯಲ್ಲಿ ಹೇಳಿ. ಹೇಳಿಯೂ ವೇಗ ಇಳಿಯುತ್ತಲೇ ಇದ್ದರೆ ‘ಗೋ ಅರೌಂಡ್’ (ಇಳಿಯದೆ ಮತ್ತೆ ಏರಿ ಸುತ್ತು) ಅನ್ನಿ, ಮಾಡುವುದನ್ನು ಅವನಿಗೇ ಬಿಡಿ. ಕೈ ಹಾಕುವುದು ಮೂರನೆಯ ಮೆಟ್ಟಿಲು. ನೆಲ ಮುಟ್ಟುವ ಮುಂಚೆ ಮೂತಿ ಎತ್ತುವ ಫ್ಲೇರಿನಲ್ಲಿ ಮಾತ್ರ ಮೂರಕ್ಕೂ ಪುರುಸೊತ್ತಿಲ್ಲ.

ಆಗ ನಿಮ್ಮ ಕೈ ಎಲ್ಲಿರಬೇಕು ಅನ್ನುವುದು ಮುಖ್ಯ. ಬಲಗೈ ಬೆರಳುಗಳು ಯೋಕಿನ ಹಿಂದೆ, ಪ್ಯಾನೆಲ್ ಕಡೆಗೆ, ಯೋಕನ್ನು ಮುಟ್ಟದೆ ಒಂದು ಅಂಗುಲ ಅಂತರದಲ್ಲಿ ಇರಲಿ. ವಿಮಾನ ಪುಟಿದಾಗ ವಿದ್ಯಾರ್ಥಿ ಹೆದರಿ ಯೋಕನ್ನು ಮುಂದಕ್ಕೆ ತಳ್ಳುತ್ತಾನೆ. ನೋಸ್‌ವೀಲ್ ಮೊದಲು ನೆಲಕ್ಕೆ ಬಡಿಯುವುದು, ಮತ್ತೆ ಪುಟಿಯುವುದು, ಮೂರನೆಯ ಪುಟಿತಕ್ಕೆ ಪ್ರೊಪೆಲ್ಲರ್ ನೆಲಕ್ಕೆ ತಾಗುವುದು ಎಲ್ಲ ಶುರುವಾಗುವುದು ಆ ಒಂದು ತಳ್ಳುವಿಕೆಯಿಂದ. ನಿಮ್ಮ ಬೆರಳು ಅಲ್ಲಿದ್ದರೆ ಯೋಕ್ ಮುಂದೆ ಹೋಗುವುದಿಲ್ಲ. ಎಡಗೈ ಥ್ರಾಟಲ್ ಹತ್ತಿರ. ಎತ್ತರಕ್ಕೆ ಪುಟಿದರೆ ಸರಿಮಾಡಲು ಹೋಗದೆ ಪೂರ್ತಿ ಪವರ್, ಫ್ಲಾಪ್ 20 ಡಿಗ್ರಿಗೆ, ಮತ್ತೆ ಸುತ್ತು.

ಹಾಗಂತ ಕಂಟ್ರೋಲ್ ಮೇಲೆ ಕೈ ಇಟ್ಟುಕೊಂಡೇ ಹಾರಬೇಡಿ. ನೀವು ಸದ್ದಿಲ್ಲದೆ ತಿದ್ದಿದ್ದನ್ನು ಅವನು ತಾನೇ ಮಾಡಿದ್ದು ಅಂದುಕೊಳ್ಳುತ್ತಾನೆ. ಆ ಸುಳ್ಳು ಬಯಲಾಗುವುದು ಅವನು ಒಬ್ಬನೇ ಹಾರುವ ದಿನ. ತೆಗೆದುಕೊಂಡರೆ ಬಾಯಿಬಿಟ್ಟು ‘ಐ ಹ್ಯಾವ್ ಕಂಟ್ರೋಲ್’, ಅವನು ‘ಯು ಹ್ಯಾವ್ ಕಂಟ್ರೋಲ್’, ಕೈ ಬಿಟ್ಟದ್ದು ಕಣ್ಣಿಗೆ ಕಾಣಬೇಕು. ಹಿಂದಿರುಗಿಸುವಾಗಲೂ ಇದೇ ಕ್ರಮ.

ಎಂಜಿನಿಯರ್: ಇಲ್ಲೊಂದು ಮಾತು ಸೇರಿಸುತ್ತೇನೆ. ನೋಸ್‌ವೀಲ್ ಬಡಿದ ಲ್ಯಾಂಡಿಂಗ್ ಆದರೆ ‘ಏನೂ ಆಗಿಲ್ಲ’ ಅಂತ ಮುಂದಿನ ಸಾರ್ಟಿಗೆ (ಹಾರಾಟಕ್ಕೆ) ಕೊಡಬೇಡಿ, ವಿಮಾನದ ದೋಷ ಬರೆಯುವ ಟೆಕ್ ಲಾಗಿನಲ್ಲಿ ಬರೆಯಿರಿ. 172ರಲ್ಲಿ ಆ ಪೆಟ್ಟು ಹೋಗುವುದು ಎಂಜಿನ್ ಹಿಂದಿನ ತಗಡಿನ ಗೋಡೆ ಫೈರ್‌ವಾಲಿಗೆ. ತಗಡು ಸುಕ್ಕುಗಟ್ಟಿದೆಯೇ, ರಿವೆಟ್ ಸಡಿಲಾಗಿದೆಯೇ, ನೋಸ್ ಸ್ಟ್ರಟ್ ಎಣ್ಣೆ ಸೋರುತ್ತಿದೆಯೇ, ಪ್ರೊಪೆಲ್ಲರ್ ತುದಿ ಕೆರೆದಿದೆಯೇ ಎಂದು ನಾವು ನೋಡಬೇಕು. ಬರೆದದ್ದಕ್ಕೆ ಯಾರನ್ನೂ ಬೈಯಬಾರದು. ಬೈದರೆ ಮುಂದಿನವರು ಬರೆಯುವುದಿಲ್ಲ.

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ, ಇಲ್ಲಿನ ಕ್ಲಬ್ಬಿನ ಸದಸ್ಯ. ನನ್ನ ಹತ್ತಿರ ಪಿಪಿಎಲ್, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್ ಮಾತ್ರ ಇದೆ. ಕ್ಲಬ್ಬಿಗೆ ಬೋಧಕರು ಬೇಕಂತೆ. ಸಿಪಿಎಲ್ ಇಲ್ಲದೆ ಆಗುತ್ತದೆಯೇ?

ಬೋಧಕಿ: ಭಾರತದಲ್ಲಿ ಸಿಪಿಎಲ್ ಇಲ್ಲದೆ ಆಗುವುದಿಲ್ಲ. ಮೊದಲು ಎಎಫ್‌ಐಆರ್, ಅನುಭವವಾದ ಮೇಲೆ ಪೂರ್ಣ ಬೋಧಕರ ರೇಟಿಂಗ್ ಆದ ಎಫ್‌ಐಆರ್. ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಈಯಸಾದ ನಿಯಮದಲ್ಲಿ ನಿಮ್ಮಂಥವರಿಗೆ ದಾರಿಯಿದೆ. ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 150 ಪೈಲಟ್ ಇನ್ ಕಮಾಂಡ್ ಆಗಿ. ಸಿಪಿಎಲ್ ಮಟ್ಟದ ಥಿಯರಿ ಜ್ಞಾನ ಬೇಕು, ಹಗುರ ವಿಮಾನಗಳ ಲೈಸೆನ್ಸ್ ಆದ ಎಲ್‌ಎಪಿಎಲ್ ಮಾತ್ರ ಕಲಿಸುತ್ತೀರಾದರೆ ಅದರಿಂದ ವಿನಾಯಿತಿ. ಇದಲ್ಲದೆ 10 ಗಂಟೆ ಇನ್ಸ್‌ಟ್ರುಮೆಂಟ್ ಪಾಠ, ಕಮಾಂಡ್‌ನಲ್ಲಿ 20 ಗಂಟೆ ಕ್ರಾಸ್ ಕಂಟ್ರಿ, ಎರಡು ಬೇರೆ ಏರೋಡ್ರೋಮುಗಳಲ್ಲಿ ಪೂರ್ತಿ ನಿಂತು ಹೊರಟ ಕನಿಷ್ಠ 540 ಕಿಲೋಮೀಟರಿನ ಒಂದು ಯಾನ. ಕೋರ್ಸ್ ಶುರುವಾಗುವ ಮುಂಚಿನ 6 ತಿಂಗಳೊಳಗೆ ಪ್ರವೇಶ ಹಾರಾಟ ಪರೀಕ್ಷೆ.

ಕೋರ್ಸಿನಲ್ಲಿ ಬೋಧನೆ ಮತ್ತು ಕಲಿಕೆಯ ಬಗ್ಗೆ 25 ಗಂಟೆ, ಥಿಯರಿ 100 ಗಂಟೆ, ಹಾರಾಟ 30 ಗಂಟೆ. ಆ 30ರಲ್ಲಿ 25 ಬೋಧಕರ ಜತೆ. ಉಳಿದ 5ನ್ನು ಇಬ್ಬರು ಅಭ್ಯರ್ಥಿಗಳು ಸೇರಿ, ಒಬ್ಬರಿಗೊಬ್ಬರು ಪಾಠ ಹೇಳುತ್ತಾ ಹಾರಬಹುದು. ಈ 5 ಗಂಟೆ ಕಾಟಾಚಾರಕ್ಕೆ ಮುಗಿಸಬೇಡಿ. ಜತೆಗಾರ ನಿಜವಾದ ವಿದ್ಯಾರ್ಥಿಯ ತಪ್ಪುಗಳನ್ನು ಬೇಕೆಂದೇ ಮಾಡಲಿ, ನೀವು ಹಿಡಿಯಿರಿ. ಪಾಸಾದ ಮೇಲೂ ನಿರ್ಬಂಧಿತ ಬೋಧಕರೇ: ಇನ್ನೊಬ್ಬ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಸಬೇಕು, ವಿದ್ಯಾರ್ಥಿಯನ್ನು ಮೊದಲ ಸೋಲೋಗೆ (ಒಬ್ಬನೇ ಹಾರಲು) ಕಳಿಸುವ ಅಧಿಕಾರವಿಲ್ಲ. 100 ಗಂಟೆ ಪಾಠ ಹೇಳಿ, ವಿದ್ಯಾರ್ಥಿಗಳ 25 ಸೋಲೋ ಹಾರಾಟಗಳನ್ನು ನೋಡಿಕೊಂಡ ಮೇಲೆ ನಿರ್ಬಂಧ ತೆಗೆಸಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವೋ ಅದಕ್ಕೆ ಸಮನಾದ ಎತ್ತರ) ಪಾಠ ಹೇಳಿದರೆ ವಿದ್ಯಾರ್ಥಿಗಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಮಧ್ಯಾಹ್ನ ಮಾತ್ರ ಬೆಳಗಿನಂತೆಯೇ ಟೇಕ್ಆಫ್ ಮಾಡಲು ಹೋಗುತ್ತಾರೆ. ಹೇಗೆ ತಲೆಗೆ ಹೋಗಿಸುವುದು?

ಬೋಧಕಿ: ಅವರ ಊರಿನ ಲೆಕ್ಕವನ್ನೇ ಬಿಡಿಸಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸುಮಾರು 3000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಮಾನಕ ತಾಪಮಾನ 9 ಡಿಗ್ರಿ. ಬೆಳಿಗ್ಗೆ 20 ಡಿಗ್ರಿ ಇದ್ದರೆ 11 ಹೆಚ್ಚು. ಡಿಗ್ರಿಗೆ 120 ಅಡಿಯಂತೆ 1320, ಒಟ್ಟು 4320 ಅಡಿ. ಮಾರ್ಚ್ ಮಧ್ಯಾಹ್ನ 32 ಡಿಗ್ರಿಗೆ 23 ಹೆಚ್ಚು, 2760, ಒಟ್ಟು 5760 ಅಡಿ. ವಿಮಾನದ ಪಾಲಿಗೆ ರನ್‌ವೇ ಮುಳ್ಳಯ್ಯನಗಿರಿಯ ತುದಿಯ ಹತ್ತಿರಕ್ಕೆ ಹೋಗಿ ಕೂತ ಹಾಗೆ ಅಂತ ಹೇಳಿ, ಚಿಕ್ಕಮಗಳೂರಿನ ಹುಡುಗರಿಗೆ ತಕ್ಷಣ ಹಿಡಿಯುತ್ತದೆ. 172ಎಸ್ ಮಾದರಿಯ 180 ಅಶ್ವಶಕ್ತಿಯ ಎಂಜಿನ್ ಆಗ ಕೊಡುವುದು 150ರ ಆಸುಪಾಸು. ಮಾಪಕದಲ್ಲಿ 65 ನಾಟ್ ಇದ್ದಾಗ ಗಾಳಿಯಲ್ಲಿ ನಿಜವಾದ ವೇಗ ಸುಮಾರು 71. ಕಡಿಮೆ ಶಕ್ತಿಯಲ್ಲಿ ಹೆಚ್ಚು ವೇಗಕ್ಕೆ ಓಡಬೇಕು, ರನ್‌ವೇ ಅದಕ್ಕೇ ಉದ್ದ ಬೇಡುತ್ತದೆ.

ಆಮೇಲೆ ಕಣ್ಣಾರೆ ತೋರಿಸಿ. ಬೆಳಿಗ್ಗೆ ಚಕ್ರ ನೆಲ ಬಿಟ್ಟ ಜಾಗದ ಪಕ್ಕದಲ್ಲಿ ಯಾವ ದೀಪ, ಯಾವ ಬೋರ್ಡ್ ಇತ್ತು ಅಂತ ಅವನೇ ಬರೆದಿಟ್ಟುಕೊಳ್ಳಲಿ. ಮಧ್ಯಾಹ್ನ ಅದೇ ತೂಕ, ಅದೇ ಗಾಳಿ ಇದ್ದ ದಿನ ಮತ್ತೆ ನೋಡಲಿ. ಅಲ್ಲಿಗೆ ಬಂದರೂ ವಿಮಾನ ಏಳದಿದ್ದಾಗ ಅವನು ಯೋಕ್ ಎಳೆಯಲು ಹೋಗುತ್ತಾನೆ, ಪಾಠ ಆಗುವುದು ಆಗ. ವೇಗ ಬಾರದೆ ಎಳೆದರೆ ಗಾಳಿಯ ಎದುರೆಳೆತ ಮಾತ್ರ ಹೆಚ್ಚುತ್ತದೆ, ಓಟ ಇನ್ನೂ ಉದ್ದವಾಗುತ್ತದೆ. 3000 ಅಡಿಗಿಂತ ಎತ್ತರದ ರನ್‌ವೇಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಗರಿಷ್ಠ ಆರ್‌ಪಿಎಂ ಬರುವಷ್ಟು ಇಂಧನ-ಗಾಳಿಯ ಮಿಕ್ಸ್‌ಚರ್ ತೆಳು ಮಾಡಿ ಎಂದು 172ಎಸ್ ಕೈಪಿಡಿ ಹೇಳುತ್ತದೆ. ನಾವು ಸರಿಯಾಗಿ ಆ ಗಡಿಯ ಮೇಲೆಯೇ ಇದ್ದೇವೆ.

ಪ್ರಶ್ನೆ: ಕ್ಲಬ್ಬಿನಲ್ಲಿ ಹೊಸ ಬೋಧಕರ ದಿನ ಹೇಗಿರುತ್ತದೆ? ಹಾರಾಟ ಬಿಟ್ಟು ಏನೇನು ಕೆಲಸ?

ಬೋಧಕಿ: ಬೆಳಕು ಹರಿಯುವ ಮುಂಚೆ ಹ್ಯಾಂಗರ್. ಗಾಳಿ ನಿಂತಿರುವ ಮೊದಲ ಎರಡು ಮೂರು ಗಂಟೆ ಹೊಸಬರ ಸರ್ಕಿಟ್‌ಗೆ ಮೀಸಲು. ಅದಕ್ಕೂ ಮೊದಲು ಬಿಎ ಟೆಸ್ಟ್, ಅಂದರೆ ಮದ್ಯಕ್ಕಾಗಿ ಉಸಿರಿನ ಪರೀಕ್ಷೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಳಸಿ ಬರಬೇಡಿ, ವಿದ್ಯಾರ್ಥಿಗಳಿಗೂ ಹೇಳಿ. ಹವಾಮಾನ, ವಿಮಾನದ ದಾಖಲೆ, ಆಥರೈಸೇಷನ್ ಪುಸ್ತಕದಲ್ಲಿ ಸಹಿ, ಬ್ರೀಫಿಂಗ್ ಹದಿನೈದು ನಿಮಿಷ, ಸಾರ್ಟಿ, ಡಿಬ್ರೀಫ್. ಡಿಬ್ರೀಫಿನಲ್ಲಿ ಮೊದಲು ಅವನೇ ಹೇಳಲಿ. ಹನ್ನೆರಡು ತಪ್ಪು ಕಂಡಿದ್ದರೂ ಎರಡನ್ನೇ ಎತ್ತಿಕೊಳ್ಳಿ, ಉಳಿದವು ಹೆಚ್ಚಾಗಿ ಆ ಎರಡರ ಮಕ್ಕಳೇ ಆಗಿರುತ್ತವೆ. ಪ್ರಗತಿ ಪತ್ರ ಅದೇ ದಿನ ಬರೆಯಿರಿ. ‘ಚೆನ್ನಾಗಿದೆ’ ಅಂತ ಬರೆದರೆ ಮುಂದಿನ ಬೋಧಕರಿಗೆ ಏನೂ ತಿಳಿಯುವುದಿಲ್ಲ. ‘ಫ್ಲೇರ್ ಬೇಗ, ದೃಷ್ಟಿ ಮೂತಿಯ ಮುಂದೆಯೇ ನಿಲ್ಲುತ್ತದೆ’ ಅಂತ ಬರೆದರೆ ತಿಳಿಯುತ್ತದೆ.

ಎಂಜಿನಿಯರ್: ಹಾರುವ ಮುಂಚೆ ವಿಮಾನವನ್ನು ಸುತ್ತಿ ನೋಡುವ ವಾಕ್‌ಅರೌಂಡಿನಲ್ಲಿ ಬೋಧಕರು ಅವಸರ ಮಾಡಿದರೆ ವಿದ್ಯಾರ್ಥಿ ಜೀವಮಾನವಿಡೀ ಅವಸರ ಮಾಡುತ್ತಾನೆ. 172ಎಸ್‌ನಲ್ಲಿ ಇಂಧನ ಡ್ರೇನ್ ಜಾಗ 13: ರೆಕ್ಕೆಗೆ ಐದೈದು, ಹೊಟ್ಟೆಯಡಿ ಮೂರು. ಎಲ್ಲವನ್ನೂ ತೆಗೆಯಿರಿ, ಬೆಳಕಿಗೆ ಹಿಡಿಯಿರಿ. 100ಎಲ್‌ಎಲ್ ಇಂಧನ ತಿಳಿನೀಲಿ. ಕಪ್ಪಿನ ತಳದಲ್ಲಿ ಗುಳ್ಳೆಯಂತೆ ಬೇರೆಯಾಗಿ ನಿಂತದ್ದು ನೀರು. ಕಪ್ ಪೂರ್ತಿ ಬಣ್ಣವಿಲ್ಲದೆ ಇದ್ದರೆ ‘ಶುದ್ಧ’ ಅಂದುಕೊಳ್ಳಬೇಡಿ, ಇಡೀ ಕಪ್ಪೇ ನೀರಾಗಿರಬಹುದು. ಎಣ್ಣೆ 5 ಕ್ವಾರ್ಟ್‌ಗಿಂತ ಕಡಿಮೆ ಇದ್ದರೆ ಹಾರಾಟವಿಲ್ಲ. ಹ್ಯಾಂಗರಿನಿಂದ ತೆಗೆಯುವಾಗ ಟೋ ಬಾರ್ ಬಳಸಿ, ಸ್ಪಿನ್ನರ್ ಹಿಡಿದು ತಳ್ಳಬೇಡಿ. ಆಮೇಲೆ ಟೋ ಬಾರ್ ತೆಗೆದು ಗೋಡೆಗೆ ಒರಗಿಸಿದ್ದು ಕಣ್ಣಲ್ಲಿ ಕಂಡ ಮೇಲೆಯೇ ಎಂಜಿನ್.

ಪ್ರಶ್ನೆ: ಕೊನೆಯದು. ಮೊದಲ ಸೋಲೋಗೆ ಸಿದ್ಧ ಅಂತ ಶಿಫಾರಸು ಮಾಡುವುದು ಯಾವುದರ ಮೇಲೆ? ಮೂರು ಒಳ್ಳೆಯ ಲ್ಯಾಂಡಿಂಗ್ ಸಾಕೇ?

ಬೋಧಕಿ: ಸಾಲದು. ಕೆಟ್ಟ ಅಪ್ರೋಚ್ ಬಂದಾಗ ನೀವು ಉಸಿರೆತ್ತದೆಯೂ ಅವನೇ ಗೋ ಅರೌಂಡ್ ಮಾಡಿದನೇ? ಅದು ನನ್ನ ಮೊದಲ ಅಳತೆ. ಟೇಕ್ಆಫ್ ಆದ ಕೂಡಲೇ ಎಂಜಿನ್ ನಿಂತರೆ ಮೂತಿ ತಗ್ಗಿಸಿ ಮುಂದೆಯೇ ಜಾಗ ಹುಡುಕುತ್ತಾನೆಯೇ, ರೇಡಿಯೋ ಕೈಕೊಟ್ಟರೆ ಏನು ಮಾಡಬೇಕೆಂದು ಗೊತ್ತೇ, ನೀವು ಎರಡು ಸರ್ಕಿಟ್ ಪೂರ್ತಿ ಬಾಯಿ ಮುಚ್ಚಿಕೊಂಡು ಕೂತಾಗಲೂ ಚೆಕ್‌ಗಳು ಬಿಡದೆ ಬಂದವೇ ನೋಡಿ. ವೈದ್ಯಕೀಯ ಪತ್ರ, ಎಸ್‌ಪಿಎಲ್ (ವಿದ್ಯಾರ್ಥಿ ಪೈಲಟ್ ಲೈಸೆನ್ಸ್) ಚಾಲ್ತಿಯಲ್ಲಿರಲಿ. ನಿರ್ಧಾರ ಹಿರಿಯ ಬೋಧಕರದ್ದು, ಅವರು ಚೆಕ್ ತೆಗೆದುಕೊಂಡೇ ಬಿಡುತ್ತಾರೆ.

ಒಂದು ವಿಷಯ ಮುಂಚೆಯೇ ಅವನಿಗೆ ಹೇಳಿ. ನೀವು ಇಳಿದರೆ ವಿಮಾನ ಎಪ್ಪತ್ತು ಎಂಬತ್ತು ಕಿಲೋ ಹಗುರ. ಬೇಗ ಏಳುತ್ತದೆ, ಸರ್ಕಿಟ್ ಎತ್ತರಕ್ಕೆ ಅಂದುಕೊಂಡದ್ದಕ್ಕಿಂತ ಮೊದಲೇ ಬರುತ್ತದೆ, ಇಳಿಯುವಾಗ ತೇಲುತ್ತದೆ. ತೇಲಿದರೆ ಒತ್ತಿ ಕೂರಿಸಬೇಡ, ಕಾಯಿ ಅನ್ನಿ. ನೀವು ಇಳಿಯುವ ಮುಂಚೆ ಎಂಜಿನ್ ನಿಲ್ಲಿಸಲು ಅವನಿಗೆ ಹೇಳಿ. ನಿಮ್ಮ ಖಾಲಿ ಸೀಟಿನ ಬೆಲ್ಟನ್ನು ಯೋಕಿಗೆ ಸಿಕ್ಕಿಕೊಳ್ಳದಂತೆ ಬಿಗಿದು ಕಟ್ಟಿ, ಹೆಡ್‌ಸೆಟ್ ಹೊರಗೆ ತನ್ನಿ, ಬಾಗಿಲನ್ನು ಹೊರಗಿನಿಂದ ಎಳೆದು ನೋಡಿ. ಟೇಕ್ಆಫ್ ಓಟದಲ್ಲಿ ಪಕ್ಕದ ಬಾಗಿಲು ತೆರೆದುಕೊಂಡರೆ ಅವನ ಕಣ್ಣು ಅತ್ತ ಹೋಗುತ್ತದೆ, ಕೈಯೂ ಜತೆಗೇ ಹೋಗುತ್ತದೆ.