ಎರಡು ಆವೇಶಗಳ ಬಲ "ರದ್ದಾಗೋ" ಜಾಗಕ್ಕೆ ಯಾವ ಪದ ಹಾಕೋದು?

ಎಲ್ಲರಿಗೂ ನಮಸ್ಕಾರ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್‌ಗೆ ಸೇರಿರೋ ಮಕ್ಕಳಿಗೆ ಫಿಸಿಕ್ಸ್ ನೋಟ್ಸ್ ಬರೀತಾ ಇದೀನಿ, ಒಂದು ಪದದ ಹತ್ರ ನಿಂತುಬಿಟ್ಟಿದೆ. ಎರಡು ಬಿಂದು ಆವೇಶ (ಒಂದೇ ಬಿಂದುವಲ್ಲಿದೆ ಅಂದ್ಕೊಳ್ಳೋ ವಿದ್ಯುತ್ ಚಾರ್ಜ್) ಇದ್ದಾಗ ಮೂರನೇದನ್ನ ಎಲ್ಲಿಟ್ರೆ ಅದರ ಮೇಲಿನ ಒಟ್ಟು ಬಲ ಸೊನ್ನೆ ಆಗತ್ತೋ ಆ ಜಾಗಕ್ಕೆ ಏನಂತೀರಿ? ತಟಸ್ಥ ಬಿಂದು, ಶೂನ್ಯ ಬಿಂದು, ಸಮತೋಲನ ಬಿಂದು, ಮೂರೂ ಕಿವಿಗೆ ಬಿದ್ದಿವೆ.

ಲೆಕ್ಕ ಇಟ್ಕೊಂಡೇ ನೋಡೋಣ. 4 ಮತ್ತು 1 ಮೈಕ್ರೋಕೂಲಂ (ಆವೇಶದ ಅಳತೆ), ಎರಡೂ ಧನ, ನಡುವೆ 30 ಸೆಂ.ಮೀ. ದೊಡ್ಡದರಿಂದ 20, ಚಿಕ್ಕದರಿಂದ 10 ಸೆಂ.ಮೀ. ದೂರದಲ್ಲಿ ಇನ್ನೊಂದು 1 ಮೈಕ್ರೋಕೂಲಂ ಇಟ್ರೆ ಆ ಕಡೆಯಿಂದ 0.9 ನ್ಯೂಟನ್, ಈ ಕಡೆಯಿಂದಲೂ 0.9 ನ್ಯೂಟನ್. ಎರಡು ಬಲಾನೂ ಅಲ್ಲಿ ಇದ್ದೇ ಇವೆ, ಅದಕ್ಕೇ "ಬಲಗಳು ರದ್ದಾಗುತ್ತವೆ" ಅಂತ ಬರೆಯೋಕೆ ನಂಗೆ ಮನಸ್ಸು ಒಪ್ಪಲ್ಲ, ರದ್ದಾದ ರೈಲು ಬರೋದೇ ಇಲ್ಲ, ಇಲ್ಲಿ ಎರಡೂ ಬಂದು ಒಂದನ್ನೊಂದು ಸರಿದೂಗಿಸ್ತಾ ಇವೆ.

ಈಗ ಚಿಕ್ಕದನ್ನ ಋಣ ಮಾಡಿ, +4 ಮತ್ತು −1. ಬಲ ಸರಿದೂಗೋ ಜಾಗ ನಡುವೆ ಇರೋದೇ ಇಲ್ಲ, ಚಿಕ್ಕದನ್ನ ದಾಟಿ ಆಚೆ 30 ಸೆಂ.ಮೀ. ಹೋಗತ್ತೆ. ಆದ್ರೆ ವಿಭವ (ಪೊಟೆನ್ಷಿಯಲ್, ಅಂದ್ರೆ ಒಂದು ಏಕಮಾನ ಆವೇಶಕ್ಕೆ ಆ ಜಾಗದಲ್ಲಿರೋ ಶಕ್ತಿ) ಸೊನ್ನೆ ಆಗೋದು ಬೇರೆ ಕಡೆ, ಅದೇ ಗೆರೆ ಮೇಲೆ ನಡುವೆ ಚಿಕ್ಕದರಿಂದ 6 ಸೆಂ.ಮೀ. ಹತ್ರ ಒಂದು, ಆಚೆ 10 ಸೆಂ.ಮೀ.ಗೆ ಇನ್ನೊಂದು. ಇದರಲ್ಲಿ ಯಾವುದು "ಶೂನ್ಯ ಬಿಂದು"? ಆ ನಡುವಿನ ಜಾಗದಲ್ಲಂತೂ ಎರಡರ ಬಲಾನೂ ಒಂದೇ ದಿಕ್ಕಿಗೆ, ಒಟ್ಟಾಗಿ ಜೋರಾಗಿರತ್ತೆ. ಹಾಗಾಗಿ ಬರೀ ಶೂನ್ಯ ಅಂದ್ರೆ ಸಾಲದು, ಏನು ಶೂನ್ಯ ಅಂತ ಹೇಳ್ಲೇಬೇಕು.

ತಟಸ್ಥ ಬಿಂದು ಅನ್ನೋದು ಅಯಸ್ಕಾಂತದ ಪಾಠದಲ್ಲಿ ಚೆನ್ನಾಗೇ ಕೂರತ್ತೆ, ದಿಕ್ಸೂಚಿ ಇಟ್ಟು ಗೆರೆ ಎಳೀತಾ ಹೋದಾಗ ಭೂಮಿಯ ಕ್ಷೇತ್ರಾನೂ ದಂಡಕಾಂತದ ಕ್ಷೇತ್ರಾನೂ ಸಮಸಮ ಆಗೋ ಜಾಗ ಅದು, ಅಲ್ಲಿ ಮುಳ್ಳು ಯಾವ ದಿಕ್ಕನ್ನೂ ಹಿಡಿಯಲ್ಲ. ವಿದ್ಯುತ್ ಪಾಠದಲ್ಲಿ ಮಾತ್ರ ತಟಸ್ಥ ಅಂದ ಕೂಡ್ಲೇ ಆವೇಶ ಇಲ್ಲದ ವಸ್ತು ಅಂತ ಹುಡುಗರು ಹಿಡ್ಕೋತಾರೆ.

ಸಮತೋಲನ ತಪ್ಪಲ್ಲ, ಆದ್ರೆ ಕೇಳಿದವರಿಗೆ ಇಟ್ಟದ್ದು ಅಲ್ಲೇ ನಿಲ್ಲತ್ತೆ ಅನ್ಸತ್ತೆ. ಮೊದಲ ಉದಾಹರಣೇಲೇ ನೋಡಿ, ಧನ ಆವೇಶಾನ ಗೆರೆ ಉದ್ದಕ್ಕೆ ಸ್ವಲ್ಪ ತಳ್ಳಿದ್ರೆ ವಾಪಸ್ ಬರತ್ತೆ, ಅಡ್ಡಕ್ಕೆ ತಳ್ಳಿದ್ರೆ ಓಡೇ ಹೋಗತ್ತೆ. ಸ್ಥಾಯಿ ವಿದ್ಯುತ್ ಬಲ ಒಂದರಿಂದಲೇ ಭದ್ರವಾದ ಸಮತೋಲನ ಸಾಧ್ಯ ಇಲ್ಲ ಅಂತ ಇಂಗ್ಲೆಂಡಿನ ಗಣಿತಜ್ಞ ಅರ್ನ್‌ಷಾ 1842ರಲ್ಲೇ ಪ್ರಕಟಿಸಿದ್ರು.

ನನ್ನ ಒಲವು "ಸರಿದೂಗು ಬಿಂದು" ಕಡೆಗೆ. ಸುಡುಗಾಡು, ಬೀಸುಗಲ್ಲು ಥರದ ರಚನೆ, ಅಂದ್ರೆ ಕ್ರಿಯೆ ಹೇಳೋ ಪದ ಮುಂದಿನ ನಾಮಪದಕ್ಕೆ ಸೇರೋ ಗಮಕ ಸಮಾಸ. ಬಿಂದು ಸಂಸ್ಕೃತ ಆದ್ರೂ ಗಮಕ ಸಮಾಸಕ್ಕೆ ಅರಿಸಮಾಸದ (ಕನ್ನಡ, ಸಂಸ್ಕೃತ ಪದ ಬೆರೆಸಿ ಸಮಾಸ ಮಾಡೋದರ) ದೋಷ ತಟ್ಟಲ್ಲ. ಆದ್ರೆ ಎರಡೆರಡು ಸಲ ಓದಿದಾಗ "ಸರಿದೂಗುವ ಬಿಂದು" ಅಂತ ಬಿಡಿಸಿ ಬರೆದ್ರೇ ಹುಡುಗರಿಗೆ ಸಲೀಸು ಅನ್ಸತ್ತೆ. ವ್ಯಾಕರಣ ಬಲ್ಲವರು ಇದರಲ್ಲಿ ಯಾವುದು ಇಟ್ಕೊಳ್ಳಲಿ ಹೇಳಿ, ಧಾರವಾಡ ಕಡೆ, ಮಂಗಳೂರು ಕಡೆ ಫಿಸಿಕ್ಸ್ ಪಾಠ ಮಾಡೋ ಮೇಷ್ಟ್ರುಗಳು, ಮೇಡಂಗಳು ಕ್ಲಾಸಲ್ಲಿ ಬಾಯಲ್ಲಿ ಏನಂತೀರಿ ಅದನ್ನೂ ದಯವಿಟ್ಟು ತಿಳಿಸಿ.